ನಮ್ಮಿಬ್ಬರ ಹೈಸ್ಕೂಲು, ಮಗಳ ತೀರ್ಪು

ಗಂಡ ಹೆಂಡಿರು ಒಂದೇ ಹೈಸ್ಕೂಲಿನಲ್ಲಿ ಓದಿರಬೇಕು, ಇಲ್ಲವೇ ಒಬ್ಬರಾದರೂ ಓದಿರಬಾರದು. ಇದು ನನ್ನ ಅನುಭವದ ಮಾತು. ನಾನು ಓದಿದ್ದು ಕುಂದುರ್ಪಿಯಲ್ಲಿ, ನನ್ನ ಹೆಂಡತಿ ಸುಜಾತ ಸೆಟ್ಟೂರಿನಲ್ಲಿ. ತೆಲುಗು ಸೀಮೆಯ ಗಡಿಯಲ್ಲಿರುವ ನಮ್ಮೂರು ಎರಡಕ್ಕೂ ನಡುವೆ. ಇಲ್ಲಿ ಹೈಸ್ಕೂಲು ಆರನೇ ತರಗತಿಯಿಂದಲೇ. ಮಗಳು ಗಿರಿಜೆ ಊರ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ್ದೇ ತಡ, ಮನೆಯಲ್ಲಿ ಗಡಿ ವಿವಾದ ಶುರುವಾಯಿತು.

"ನಮ್ ಸ್ಕೂಲ್ ಗ್ರೌಂಡ್ ನೋಡಿದ್ರೆ ಬಾಯ್ ಮುಚ್ಕಂತೀರ" ಎಂದಳು ಸುಜಾತ. "ನಮ್ ಸ್ಕೂಲ್‌ನಾಗೆ ಹುಣಸೆಮರ ಐತೆ" ಎಂದೆ ನಾನು. ಹುಣಸೆಮರಕ್ಕೂ ವಿದ್ಯೆಗೂ ಏನು ಸಂಬಂಧ ಎಂದು ಪುಣ್ಯಕ್ಕೆ ಅವಳು ಕೇಳಲಿಲ್ಲ. ಅದರ ನೆರಳಲ್ಲಿ ನಾನು ಕಲಿತದ್ದು ಚಿಗುರು ತಿನ್ನುವುದೊಂದೇ. ಗಿರಿಜೆಯ ಚಿಂತೆಯೇ ಬೇರೆ. ಅವಳಿಗೆ ಲೆಕ್ಕವೆಂದರೆ ಹೊಟ್ಟೆನೋವು, ಅದೂ ನಿಜವಾದ ಹೊಟ್ಟೆನೋವು. ಈಚೆಗೆ "ನಾನು ಓದಾಕಿಲ್ಲ, ಕುರಿ ಕಾಯ್ತೀನಿ" ಎನ್ನತೊಡಗಿದ್ದಳು. ನಾನು ಪಂಪಿನ ಮೋಟಾರು ರಿಪೇರಿ ಮಾಡುವವನು, ನಮ್ಮಲ್ಲಿ ಕುರಿಯೇ ಇಲ್ಲ.

ಎರಡನ್ನೂ ಕಣ್ಣಾರೆ ನೋಡೋಣವೆಂದು ಮೂವರೂ ಬೈಕ್ ಹತ್ತಿದೆವು. ಅವಳ ಶಾಲೆಯಲ್ಲಿ ಅಂಥದ್ದೇನಿದೆ ಎಂಬ ಕುತೂಹಲ ಒಳಗೊಳಗೇ ನನಗೂ ಇತ್ತು. ಸೆಟ್ಟೂರಿನ ಗ್ರೌಂಡು ನಿಜಕ್ಕೂ ದೊಡ್ಡದು. ಸುಜಾತ ತಾನು ಖೋ ಖೋ ಆಡಿದ ಜಾಗ ತೋರಿಸುವ ಭರದಲ್ಲಿ ಸೆರಗು ಸಿಕ್ಕಿಸಿ ಓಡಿಯೂ ತೋರಿಸಿದಳು. ನಾನು ಬಾಯಿ ಮುಚ್ಚಿಕೊಂಡೆ.

ಕುಂದುರ್ಪಿಯಲ್ಲಿ ನನ್ನ ಹಳೆಯ ಲೆಕ್ಕದ ಮೇಷ್ಟ್ರು ಸಿಕ್ಕರು. ಊರೂರು ಸುತ್ತಿ, ವರ್ಗವಾಗಿ ಮತ್ತೆ ಅಲ್ಲಿಗೇ ಬಂದಿದ್ದರು. ಕನ್ನಡಕ ಏರಿಸಿ ನನ್ನನ್ನೇ ದಿಟ್ಟಿಸಿ, "ಒರೇಯ್, ನುವ್ವಾ! ನೀನೇನ್ಲಾ! ನಿನಗೆ ಭಿನ್ನರಾಶಿ ಹೇಳ್ಕೊಟ್ಟೇ ಕಣ್ಲಾ ನನ್ ಕೂದ್ಲು ಉದುರಿದ್ದು" ಎಂದರು. ನಗು ತಡೆಯಲು ಸುಜಾತ ಮುಖ ಅತ್ತ ತಿರುಗಿಸಿದಳು.

"ಪಾಸಾದ್ನಲ್ಲ ಸಾರ್" ಎಂದೆ ಮೆಲ್ಲಗೆ.

"ಆದ್ಯಪ್ಪ. ನಾನೇ ನಂಬದೆ ರಿಸಲ್ಟ್ ಇನ್ನೊಂದ್ಸಲ ನೋಡ್ದೆ."

ಗಿರಿಜೆ ಅವರನ್ನೇ ನೋಡುತ್ತಿದ್ದವಳು, "ಸಾರ್, ನಮ್ಮಪ್ಪಂಗೆ ಹೊಡೀತಿದ್ರಾ?" ಎಂದು ಕೇಳಿದಳು.

"ಇಲ್ಲ ಕಣಮ್ಮ. ನನ್ ಬುತ್ತಿ ರೊಟ್ಟೀನೇ ಮುರಿದು ಅರ್ಧ, ಕಾಲು ತೋರಿಸ್ತಿದ್ದೆ. ತಿಳಿಯೋದ್ರೊಳಗೆ ರೊಟ್ಟಿ ಖಾಲಿ ಮಾಡ್ಬುಡ್ತಿದ್ದ."

ಗಿರಿಜೆ ನಕ್ಕಳು. ಲೆಕ್ಕದ ಮಾತಿಗೆ ಅವಳು ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು.

ಮನೆಯ ದಾರಿಯಲ್ಲಿ ಸುಜಾತ ಕೇಳಿದಳು, "ಯಾವ್ದಮ್ಮ ನಿಂಗೆ?"

"ಕುಂದುರ್ಪಿ."

ನಾನು ಸುಮ್ಮಸುಮ್ಮನೆ ಹಾರ್ನ್ ಬಾರಿಸಿದೆ. "ನೋಡ್ದ್ಯಾ!" ಎಂದೆ ಸುಜಾತಳಿಗೆ. ಮಗಳನ್ನು ಕೇಳಿದೆ, "ಯಾಕ್ ಕಣಮ್ಮ?"

"ಆ ಸಾರು ನಿನ್ನನ್ನೇ ಪಾಸ್ ಮಾಡ್ಸವ್ರೆ ಅಂದ್ಮೇಲೆ ನಂಗೇನ್ ಭಯ ಕಣಪ್ಪ?"

ಹಿಂದೆ ಕೂತ ಸುಜಾತಳ ನಗುವಿಗೆ ಬೈಕೇ ಅಲುಗಿತು. ಗೆದ್ದವನು ನಾನೇ, ಅನುಮಾನವಿಲ್ಲ. ಆದರೆ ಹೇಗೆ ಗೆದ್ದೆ ಎಂದು ಊರಲ್ಲಿ ಯಾರಾದರೂ ಕೇಳಿದರೆ, ಮೋಟಾರು ಸುಟ್ಟಿದೆ ಅಂತ ಫೋನ್ ಬಂತು ಎಂದು ಎದ್ದು ಹೋಗುತ್ತೇನೆ.