ಲೌಂಜಿನಲ್ಲಿ ಊಟಕ್ಕೆ ಕರೆಯುವವರು ಯಾರು

ಆ ದಿನ ಬೆಳಿಗ್ಗೆಯೂ ನಾನು ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲು ಕಾಯಿಸಿ, ಕಾಫಿ ಸೋಸಿದೆ. ಇಲ್ಲದ್ದು ಒಂದೇ, ಒಲೆಯ ಮೇಲೆ ಎಂದಿನ ತಿಂಡಿಯ ಬಾಣಲೆ. ತಿಂಡಿ ಆಗದೆ ಪಾಂಡವಪುರದ ನಮ್ಮ ಮನೆಯಿಂದ ಯಾರಾದರೂ ಪ್ರಯಾಣ ಹೊರಟದ್ದನ್ನು ನಾನು ಸೊಸೆಯಾಗಿ ಬಂದಮೇಲೆ ಕಂಡಿಲ್ಲ. ನಮ್ಮತ್ತೆ ಮತ್ತೆ ಮತ್ತೆ ಅಡುಗೆಮನೆಗೆ ಬಂದು, ಖಾಲಿ ಒಲೆಯನ್ನು ನೋಡಿ, ಸಾವಿನ ಮನೆಗೆ ಬಂದವರ ಹಾಗೆ ಮಾತಿಲ್ಲದೆ ಹಿಂದಿರುಗುತ್ತಿದ್ದರು. ನಾವಿಬ್ಬರೂ ವಿಮಾನದಲ್ಲಿ ಹೈದರಾಬಾದಿಗೆ ಹೊರಟಿದ್ದೆವು, ಅಲ್ಲಿರುವ ನನ್ನ ನಾದಿನಿ ಶೋಭಾಳ ಹೊಸ ಮನೆಯ ಗೃಹಪ್ರವೇಶಕ್ಕೆ. ಅತ್ತೆಯ ಮಂಡಿನೋವಿಗೆ ರಾತ್ರಿಯಿಡೀ ರೈಲು ಆಗುವುದಿಲ್ಲವೆಂದು ಅವಳೇ ಟಿಕೆಟ್ ಮಾಡಿಸಿ, ಜೊತೆಗೆ ಬೆಂಗಳೂರಿನ ವಿಮಾನ ನಿಲ್ದಾಣದ ಲೌಂಜಿಗೆ ಇಬ್ಬರಿಗೂ ಪಾಸು ಕಳಿಸಿದ್ದಳು. "ಅತ್ಗೆ, ರೊಟ್ಟಿ ಗಿಟ್ಟಿ ಕಟ್ಕೊಂಡು ಬರ್ಬೇಡಿ. ಲೌಂಜಲ್ಲಿ ಬೇಕಾದಷ್ಟು ಇರುತ್ತೆ. ಅಲ್ಲೇ ತಿಂಡಿ ತಿನ್ನಿ, ಅವ್ವಂಗೂ ತಿನ್ಸಿ" ಎಂದು ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದಳು.

ನಿಜ ಹೇಳಬೇಕೆಂದರೆ, ಗೃಹಪ್ರವೇಶಕ್ಕಿಂತ ನನಗೆ ಆ ಲೌಂಜಿನ ಕುತೂಹಲವೇ ಹೆಚ್ಚಾಗಿತ್ತು. ಹಿಂದೊಮ್ಮೆ ವಿಮಾನ ಹತ್ತಿದಾಗ ಅದರ ಬಾಗಿಲನ್ನು ಹೊರಗಿನಿಂದ ನೋಡಿದ್ದೆ. ಮಂಜು ಹಿಡಿದಂಥ ಗಾಜು. ಜನ ಏನನ್ನೋ ತೋರಿಸಿ ಒಳಗೆ ಹೋಗುತ್ತಿದ್ದರು, ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ನಾನು ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ನೋಡಿದಷ್ಟು ಹೊತ್ತೂ, ಹೋದವರಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಒಳಗೆ ಅಂಥದ್ದೇನಿರಬಹುದು ಎಂಬ ಯೋಚನೆ ಆಗಿನಿಂದಲೂ ತಲೆಯ ಒಂದು ಮೂಲೆಯಲ್ಲಿ ಕೂತಿತ್ತು. ನಮ್ಮನ್ನು ಕಾರಿನಲ್ಲಿ ಬಿಡಲು ಬಂದ ನಮ್ಮ ಯಜಮಾನರನ್ನು ದಾರಿಯಲ್ಲಿ ಕೇಳಿದೆ. ಅವರ ಮನಸ್ಸೆಲ್ಲ ಕ್ಯಾತನಹಳ್ಳಿಯ ಗದ್ದೆಯ ಕಬ್ಬು ಕಡಿಯುವ ಆಳುಗಳ ಮೇಲಿತ್ತು. "ಏನಿರ್ತದೆ, ಸೋಫಾ ಇರ್ತದೆ. ನಮ್ಮನೇಲಿಲ್ವಾ ಸೋಫಾ?" ಅಂದರು. ಇದೆ. ಆದರೆ ನಮ್ಮ ಸೋಫಾ ಮೇಲೆ ಒಗೆದು ಒಣಗಿಸಿ ತಂದ ಬಟ್ಟೆಯ ರಾಶಿ ಸದಾ ಕೂತಿರುವುದರಿಂದ, ಅದರ ಸುಖ ಬಟ್ಟೆಗಳಿಗೆ ಗೊತ್ತೇ ಹೊರತು ನನಗೆ ಗೊತ್ತಿಲ್ಲ.

ತಪಾಸಣೆಯೆಲ್ಲ ಮುಗಿದ ಕೂಡಲೇ ಅತ್ತೆಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟೆ. ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಬೇಕಾದ ಮಾತ್ರೆ ಅದು. ನುಂಗಿ ತಿನ್ನದೆ ಉಳಿದರೆ ಅವರಿಗೆ ಮೈ ಬೆವರಿ ಕೈ ನಡುಗಲು ಶುರುವಾಗುತ್ತದೆ. ಲೌಂಜ್ ಅಲ್ಲೇ ಎದುರಿಗಿತ್ತು, ಇನ್ನೇನು ಯೋಚನೆ ಅಂದುಕೊಂಡೆ. ಪಾಸು ತೋರಿಸಿದೆ, ಮಂಜಿನ ಬಾಗಿಲು ಸರಿಯಿತು.

ಒಳಗಿನ ರತ್ನಗಂಬಳಿ ಹೆಜ್ಜೆಯ ಸದ್ದನ್ನೆಲ್ಲ ನುಂಗುತ್ತಿತ್ತು. ಚಮಚಗಳಿಗೆ ಬಾಣಂತಿ ಮನೆಯ ಕೂಸುಗಳಿಗೆ ಸುತ್ತಿದ ಹಾಗೆ ಬಿಳಿ ಕಾಗದ ಸುತ್ತಿ ಸಾಲಾಗಿ ಮಲಗಿಸಿದ್ದರು. ಇಡ್ಲಿ, ಉಪ್ಪಿಟ್ಟು, ಪೊಂಗಲ್, ಹೆಸರು ಗೊತ್ತಿಲ್ಲದ ಇನ್ನೂ ಏನೇನೋ, ಒಂದೊಂದರ ಮುಂದೂ ಅದರ ಹೆಸರಿನ ಪುಟ್ಟ ಫಲಕ. ಉಪ್ಪಿಟ್ಟಿಗೂ ಹೆಸರಿನ ಫಲಕ ಬೇಕಾಗುವ ಊರಿದೆಯಲ್ಲ ಎಂದು ಆಶ್ಚರ್ಯವಾಯಿತು. ಜನರೋ, ಬಸ್ಸಿನಲ್ಲಿ ಕೂತವರ ಹಾಗೆ ಒಂದೇ ಕಡೆ ಮುಖಮಾಡಿ ಕೂತು, ಪಕ್ಕದವರ ಪರಿಚಯವೇ ಬೇಡವೆಂಬಂತೆ ತಮ್ಮ ತಮ್ಮ ತಟ್ಟೆಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ನಾನು ಓದಿದ ಕಾನ್ವೆಂಟಿನ ಪ್ರಾರ್ಥನಾ ಮಂದಿರವೂ ಇಷ್ಟು ಮೌನವಾಗಿರಲಿಲ್ಲ.

ಅತ್ತೆ ಕೈ ತೊಳೆದು ಬಂದು, ಸೆರಗು ಹೊದ್ದು, ಸೋಫಾದ ತುದಿಯಲ್ಲಿ ನೆಟ್ಟಗೆ ಕೂತರು.

"ಏಳಿ ಅತ್ತೆ, ಹಾಕ್ಕೊಳೋಣ" ಅಂದೆ.

"ಯಾರೂ ಕರೀನೇ ಇಲ್ವಲ್ಲ."

"ಇಲ್ಲಿ ಯಾರೂ ಕರೆಯೋದಿಲ್ಲ. ನಾವೇ ಹೋಗಿ ಹಾಕ್ಕೋಬೇಕು."

"ಕರೀದೆ ಓಗಿ ತಟ್ಟೆಗೆ ಕೈ ಹಾಕಕ್ಕೆ ನಾವೇನು ಗತಿ ಕೆಟ್ಟೋರಾ" ಅಂದು, ಅತ್ತೆ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

ನಮ್ಮ ಕಡೆಯ ಈ ಕರೆಯುವ ಶಾಸ್ತ್ರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮನೆಯವರು ಬಂದು "ಊಟಕ್ಕೆ ಏಳಿ" ಅನ್ನಬೇಕು. ನಾವು "ಈಗ ತಾನೆ ಆಯ್ತು" ಅನ್ನಬೇಕು. ಅವರು ರಟ್ಟೆ ಹಿಡಿದು ಎಬ್ಬಿಸಬೇಕು. ಬಡಿಸುವಾಗಲೂ ಹಾಗೆಯೇ, ಮೊದಲಿನ ಎರಡು "ಸಾಕು" ಲೆಕ್ಕಕ್ಕಿಲ್ಲ. ನನಗೆ ಇದೆಲ್ಲ ತಡವಾಗಿ ತಿಳಿದದ್ದು. ಮದುವೆಯಾದ ಹೊಸದರಲ್ಲಿ ದೇವಲಾಪುರದ ನೆಂಟರ ಮನೆಯಲ್ಲಿ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದಂತೆ ನಗುತ್ತಾ ಒಂದೇ ಸಲ "ಸಾಕು" ಅಂದು ಎದ್ದುಬಿಟ್ಟೆ. ಹೊಸ ಸೊಸೆಗೆ ಏನೋ ಬೇಜಾರಾಗಿದೆ ಎಂದು ಆ ಮನೆಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಂದು ಸಮಾಧಾನ ಮಾಡಿದರು. ನನಗೋ ಬೇಜಾರು ಆಗಿರಲಿಲ್ಲ, ಹೊಟ್ಟೆ ತುಂಬಿತ್ತು ಅಷ್ಟೆ. ಅದನ್ನು ಹೇಳಿದರೆ ಯಾರೂ ನಂಬಲಿಲ್ಲ.

ಇಲ್ಲಿಯಾದರೋ ಸಮಾಧಾನ ಮಾಡುವ ಹಿರಿಯರಿಲ್ಲ. ನಾನೇ ಒಂದು ತಟ್ಟೆಗೆ ಇಡ್ಲಿ ಹಾಕಿ ತಂದು ಮುಂದಿಟ್ಟೆ. ಅತ್ತೆ ಅದನ್ನು ಮುಟ್ಟಲಿಲ್ಲ. "ನೀನು ನನ್ ಜೊತೇಲಿ ಬಂದೋಳು. ನೀನೇ ತಂದ್ಕೊಟ್ರೆ ಇಬ್ರೂ ಸೇರ್ಕೊಂಡು ಕದ್ದಂಗಾಯ್ತದೆ" ಅಂದರು. ಚೀಲ ತಡಕಾಡಿದೆ. ಶೋಭಾಳ ಮಾತು ಕೇಳಿ ಒಂದು ಬಿಸ್ಕತ್ತೂ ಇಟ್ಟುಕೊಂಡಿರಲಿಲ್ಲ. ಗೃಹಪ್ರವೇಶಕ್ಕೆಂದು ತಂದಿದ್ದ ಅಚ್ಚುಬೆಲ್ಲವೆಲ್ಲ ದೊಡ್ಡ ಚೀಲದೊಳಗೆ ಕೂತು ಆಗಲೇ ವಿಮಾನದ ಹೊಟ್ಟೆ ಸೇರುವ ದಾರಿ ಹಿಡಿದಿತ್ತು.

ಬಾಗಿಲ ಬಳಿಯ ಮೇಜಿನ ಹಿಂದೆ ಕೂತಿದ್ದ ಹುಡುಗಿಯ ಹತ್ತಿರ ಓಡಿದೆ. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮತ್ತೆಯನ್ನು ದಯವಿಟ್ಟು ತಿಂಡಿಗೆ ಕರೆಯುವಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಬಹಳ ಚೆಂದವಾಗಿ ನಕ್ಕು, ಇಲ್ಲಿ ಎಲ್ಲರೂ ತಾವೇ ಬಡಿಸಿಕೊಳ್ಳಬಹುದು, ಏನಾದರೂ ತೊಂದರೆಯೇ ಎಂದಳು. ತಟ್ಟೆ ಇದೆ, ಇಡ್ಲಿ ಇದೆ, ಹಸಿವಿದೆ, ಆದರೂ ತೊಂದರೆ ಇದೆ ಎಂಬುದನ್ನು ತಿಳಿಸುವ ವಾಕ್ಯ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಸಿಗಲಿಲ್ಲ. ಥ್ಯಾಂಕ್ ಯೂ ಅಂದು ಹಿಂದಿರುಗಿದೆ.

ಅಷ್ಟರಲ್ಲಿ ಅತ್ತೆಯ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ಸೆರಗಿನ ತುದಿ ಹಿಡಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಇನ್ನು ನಾಚಿಕೊಂಡು ಕೂರುವ ಹೊತ್ತಲ್ಲ ಅನ್ನಿಸಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ತಿಂಡಿಯ ಮೇಜುಗಳ ಹಿಂದಿನಿಂದ ಸುತ್ತು ಬಳಸಿ, ಒಳಮನೆಯಿಂದ ಈಗಷ್ಟೇ ಬಂದವಳ ಹಾಗೆ ಅತ್ತೆಯ ಎದುರಿಗೆ ನಿಂತೆ.

"ಏಳ್ರವ್ವ, ಊಟಕ್ಕೆ ಏಳಿ. ಆರೋಯ್ತದೆ."

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೈಗುಳ ಬಂತು ಅಂದುಕೊಂಡೆ. ಬರಲಿಲ್ಲ. "ಇರ್ಲಿ ಬುಡವ್ವ, ಈಗ್ ತಾನೆ ಕಾಫಿ ಆಗದೆ" ಅಂದರು. ನನಗೆ ಹೋದ ಜೀವ ಬಂದಂತಾಯಿತು. ಅದು ಶಾಸ್ತ್ರದ ಮೊದಲನೇ ಬೇಡ.

"ಅದೆಂಗಾದದು, ಏಳಿ" ಎಂದು ರಟ್ಟೆ ಹಿಡಿದೆ.

ಅತ್ತೆ ಅರ್ಧ ಎದ್ದವರು ಮತ್ತೆ ಕೂತರು. "ನನ್ನೊಬ್ಳನ್ನೇ ಎಬ್ಬುಸ್ಕೊಂಡು ಓಯ್ತೀಯಲ್ಲ, ಪಕ್ಕದಲ್ ಕೂತಿರೋರ್ನ ಬುಟ್ಬುಟ್ಟು? ಆವಪ್ಪನೂ ಆಗ್ಲಿಂದ ಬರೀ ಬಾಯಲ್ ಕೂತದೆ. ಅದ್ನೂ ಕರಿ."

ಆವಪ್ಪ ಎಂದರೆ ಪಕ್ಕದ ಸೋಫಾದಲ್ಲಿದ್ದ ನೀಲಿ ಕೋಟಿನ ಗಂಡಸು. ಮಡಿಲಲ್ಲಿ ಕಂಪ್ಯೂಟರು, ಕಿವಿಗೆ ಯಂತ್ರ, ಮುಂದೆ ಕುಡಿದಿಟ್ಟ ಕಾಫಿ ಲೋಟ. ಅಪರಿಚಿತ ಗಂಡಸರನ್ನು ನಾವಾಗಿ ಮಾತನಾಡಿಸಬಾರದು ಎಂದು ಸಿಸ್ಟರುಗಳು ಹತ್ತು ವರ್ಷ ಹೇಳಿಕೊಟ್ಟಿದ್ದರು. ಮಾತನಾಡಿಸುವುದಿರಲಿ, ಊಟಕ್ಕೇ ಕರೆಯಬೇಕಾದ ಸಂದರ್ಭ ಬಂದರೆ ಏನು ಮಾಡಬೇಕೆಂದು ಅವರೂ ಯೋಚಿಸಿರಲಿಲ್ಲ. ಅತ್ತೆಯ ಬೆರಳು ಇನ್ನೂ ನಡುಗುತ್ತಿತ್ತು. ನಾನು ಕೋಟಿನವರ ಮುಂದೆ ಬಗ್ಗಿ ನಿಂತು, "ಎಕ್ಸ್‌ಕ್ಯೂಸ್ ಮಿ" ಅಂದೆ. ಮುಂದಿನದು ತಾನಾಗಿ ಕನ್ನಡದಲ್ಲೇ ಬಂತು, "ಊಟಕ್ಕೆ ಏಳಿ."

ಅವರು ಕಿವಿಯ ಯಂತ್ರ ತೆಗೆದರು. ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಕಂಪ್ಯೂಟರು ಮುಚ್ಚಿದರು.

"ಬಂದೆ ಕಣಕ್ಕ. ನಂದು ಕೆ.ಆರ್. ಪೇಟೆ ಕಡೆ" ಅಂದರು, ತುಸು ನಾಚಿಕೊಂಡು. "ಕೆಲ್ಸದ್ ಮೇಲೆ ಆಗಾಗ ಬತ್ತಾ ಇರ್ತೀನಿ. ಎದ್ದೋಗಿ ಒಬ್ನೇ ಹಾಕ್ಕೊಂಡು ತಿನ್ನಕ್ಕೆ ಮನ್ಸೇ ಬರಕ್ಕಿಲ್ಲ. ಕಾಫಿ ಕುಡ್ದು ಓಯ್ತೀನಿ." ಆಮೇಲೆ ಅತ್ತೆಯ ಕಡೆ ತಿರುಗಿ, "ಏಳವ್ವ, ನೀನ್ ಏಳ್ದೆ ನಾನೂ ಏಳಕ್ಕಿಲ್ಲ" ಅಂದರು.

"ಏನೋ ಇಷ್ಟೊಂದು ಬಲವಂತ ಮಾಡ್ತೀರಿ" ಎಂದು ಅತ್ತೆ ಎದ್ದರು.

ಇಬ್ಬರನ್ನೂ ಒಂದು ಮೇಜಿಗೆ ಕೂರಿಸಿ ಬಡಿಸತೊಡಗಿದೆ. ಅತ್ತೆಗೆ ಎರಡು ಇಡ್ಲಿ ಇಳಿದ ಮೇಲೆ ಬೆರಳಿನ ನಡುಕ ನಿಂತಿತು. ಕೋಟಿನವರು ಉಪ್ಪಿಟ್ಟಿಗೆ ಮೂರನೇ ಸಲ ಸಾಕು ಅನ್ನುವವರೆಗೆ ನಾನು ಬಿಡಲಿಲ್ಲ. ಅವರ ಅಣ್ಣನಿಗೆ ನಾಗಮಂಗಲದಿಂದ ಹೆಣ್ಣು ತಂದದ್ದು, ಆ ಹೆಣ್ಣಿನ ಸೋದರತ್ತೆ ನಮ್ಮತ್ತೆಗೆ ಯಾವ ಕಡೆಯಿಂದಲೋ ಅಕ್ಕನಾಗಬೇಕಾದದ್ದು, ಎಲ್ಲ ಹೊರಬಿತ್ತು. ಸೆರಗು ಸಿಕ್ಕಿಸಿಕೊಂಡು ಓಡಾಡುವವಳನ್ನು ಕಂಡು ಆಚೆ ಮೇಜಿನ ಹಿಂದಿ ಮಾತಾಡುವ ಹೆಂಗಸೊಬ್ಬರು ಖಾಲಿ ಬಟ್ಟಲು ನೀಡಿ ಚಟ್ನಿ ಕೇಳಿದರು. ಅವರಿಗೂ ಹಾಕಿದೆ. ಇಡ್ಲಿಯೂ ಬೇಕೇ ಎಂದು ವಿಚಾರಿಸಿದೆ. ಬಾಗಿಲ ಬಳಿಯ ಹುಡುಗಿ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಹೊರಡುವಾಗ ಅತ್ತೆ ಅವಳ ಗಲ್ಲ ಮುಟ್ಟಿ, "ಓಗ್ಬತ್ತೀವಿ ಕಣವ್ವ, ಚೆಂದಾಗ್ ನೋಡ್ಕೊಂಡ್ರಿ" ಎಂದು ಹೇಳಿ, ವಿಮಾನ ಹತ್ತಿ, ಹೈದರಾಬಾದಿನವರೆಗೆ ನಿದ್ದೆ ಹೊಡೆದರು.

ಸಂಜೆ ಶೋಭಾಳ ಮನೆಯಿಂದ ನಮ್ಮ ಪಕ್ಕದ ಮನೆಯ ಜಯಮ್ಮನಿಗೆ ಫೋನ್ ಮಾಡಿದೆ. ಯಜಮಾನರು ಗದ್ದೆಯಿಂದ ಬರುವವರೆಗೆ ನಮ್ಮ ಮನೆಯ ಬೀಗದ ಕೈ ಅವಳ ಬಳಿಯಿತ್ತು. ತುಳಸಿಗೆ ನೀರು ಹಾಕಿದೆಯಾ ಎಂದು ಕೇಳುವುದು ನೆಪ, ನಿಜವಾಗಿ ಹೇಳಬೇಕಾಗಿದ್ದದ್ದು ಲೌಂಜಿನ ವಿಷಯ. ರತ್ನಗಂಬಳಿ, ಕಾಗದ ಸುತ್ತಿದ ಚಮಚ, ಫಲಕ ಹೊತ್ತ ಉಪ್ಪಿಟ್ಟು, ಪೊಂಗಲ್ ಮೇಲೆ ಇಬ್ಭಾಗವಾಗಿ ಕೂತ ಗೋಡಂಬಿ, ಯಾವುದನ್ನೂ ಬಿಡದೆ ವರ್ಣಿಸಿದೆ. ಜಯಮ್ಮ ಸೊಪ್ಪು ಸೋಸುತ್ತಲೋ ಏನೋ ಹೂಂ ಹೂಂ ಅನ್ನುತ್ತಿದ್ದಳು.

"ರುಚಿ ಎಂಗಿತ್ತವ್ವ ಪೊಂಗಲ್ಲು?" ಅಂದಳು.

ಹೇಳಲು ಬಾಯಿ ತೆರೆದೆ. ಪೊಂಗಲ್ಲಿನ ಬಣ್ಣ ಗೊತ್ತಿತ್ತು, ಹಬೆ ಗೊತ್ತಿತ್ತು, ಅದರ ಸೌಟಿನ ಹಿಡಿ ಯಾವ ಕಡೆ ಬಾಗಿತ್ತು ಎಂಬುದೂ ಗೊತ್ತಿತ್ತು. ರುಚಿ ಮಾತ್ರ ಎಷ್ಟು ಹುಡುಕಿದರೂ ನಾಲಿಗೆಗೆ ಬರಲಿಲ್ಲ. ಇಷ್ಟು ವರ್ಷ ಕಾದು ಒಳಗೆ ಹೋದವಳು ಒಂದು ಲೋಟ ನೀರೂ ಕುಡಿಯದೆ ಹೊರಗೆ ಬಂದಿದ್ದೆ.

"ನಾನು ತಿನ್ನಲೇ ಇಲ್ಲ ಕಣೇ ಜಯಮ್ಮ" ಅಂದೆ. "ನನ್ನನ್ನ ಯಾರೂ ಕರೀಲಿಲ್ಲ."

"ಮನೆಯೋಳ್ನ ಯಾರವ್ವ ಕರೀತಾರೆ" ಅಂದಳು ಜಯಮ್ಮ. "ಇರು, ಹಾಲ್ನೋನು ಬಂದ."