ಎಲ್ಲರ ಉಸಿರೂ ಹದಿನೆಂಟು

ಉಸಿರಾಡುವುದು ಯಾರೂ ಕಲಿಸದೆ ಬರುವ ವಿದ್ಯೆ. ಆದರೆ ಪಕ್ಕದಲ್ಲೊಬ್ಬರು ಕೂತು ನಮ್ಮ ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾಗಲಿ, ಆ ಗಳಿಗೆಯಿಂದ ಅದು ಕೆಡುತ್ತದೆ. ಕೆಲವರು ಬಿಗಿ ಹಿಡಿಯುತ್ತಾರೆ, ಕೆಲವರು ಯೋಗ ಶಿಬಿರಕ್ಕೆ ಬಂದವರ ಹಾಗೆ ಎದೆ ಉಬ್ಬಿಸುತ್ತಾರೆ. ಅದಕ್ಕೇ ನರ್ಸಿಂಗ್ ಮಕ್ಕಳಿಗೆ ನಾನೊಂದು ಸಣ್ಣ ಮೋಸ ಹೇಳಿಕೊಡುತ್ತೇನೆ. ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸಿ. ಎಣಿಸಿಯಾದ ಮೇಲೂ ಕೈ ಬಿಡಬೇಡಿ. ಇನ್ನೂ ನಾಡಿಯನ್ನೇ ನೋಡುತ್ತಿರುವವರ ಹಾಗೆ ಮುಖ ಮಾಡಿಕೊಂಡು, ಓರೆಗಣ್ಣಿನಲ್ಲಿ ಎದೆಯ ಏರಿಳಿತ ಎಣಿಸಿ, ಪೂರ್ತಿ ಒಂದು ನಿಮಿಷ. ತುಮಕೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಈ ಮೋಸವನ್ನು ಪಾಠ ಮಾಡಿ ಮಾಡಿ ಸುಸ್ತಾಗಿದ್ದೇನೆ.

ಸುಸ್ತಿಗೆ ಕಾರಣ ಹದಿನೆಂಟು. ನಮ್ಮ ಮಕ್ಕಳು ತುಂಬಿ ತರುವ ಹಾಳೆಗಳಲ್ಲಿ ಎಲ್ಲ ರೋಗಿಗಳೂ ನಿಮಿಷಕ್ಕೆ ಹದಿನೆಂಟೇ ಸಲ ಉಸಿರಾಡುತ್ತಾರೆ. ಕಾಲು ಮುರಿದವರು, ಹೆರಿಗೆಯಾದವರು, ಮೆಟ್ಟಿಲು ಹತ್ತಿ ಈಗಷ್ಟೇ ಬಂದು ಮಂಚದ ಮೇಲೆ ಕುಸಿದವರು, ಎಲ್ಲರಿಗೂ ಹದಿನೆಂಟು. ಪುಸ್ತಕದಲ್ಲಿ ಹನ್ನೆರಡರಿಂದ ಇಪ್ಪತ್ತರವರೆಗೆ ಸರಿ ಎಂದಿದೆಯಲ್ಲ, ಹದಿನೆಂಟು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಬೈಯೋಣವೆಂದರೆ ನನಗೆ ಬಾಯಿಲ್ಲ. ನಾನು ಕಲಿಯುತ್ತಿದ್ದಾಗ ನಮ್ಮ ಬ್ಯಾಚಿನವರೆಲ್ಲ ಬರೆಯುತ್ತಿದ್ದುದು ಇಪ್ಪತ್ತು. ಇಷ್ಟು ವರ್ಷದಲ್ಲಿ ಎರಡು ಇಳಿದಿದೆ, ಅಷ್ಟೇ ಆಗಿರುವ ಪ್ರಗತಿ.

ಹಾಗಂತ ನಾನು ಎಣಿಸದವಳಲ್ಲ. ಗುಬ್ಬಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ನಿಂತು, ನೋಯುವ ಮಂಡಿಗಳನ್ನು ಒಂದಾದ ಮೇಲೊಂದು ಸಮಾಧಾನ ಮಾಡಿಕೊಂಡು ಬರುವಾಗ, ಸೀಟಿನಲ್ಲಿ ನಿದ್ದೆ ಹೋದವರ ಉಸಿರನ್ನು ನನಗರಿವಿಲ್ಲದೆ ಎಣಿಸುತ್ತಿರುತ್ತೇನೆ. ಒಮ್ಮೆ ಒಬ್ಬ ಹೆಂಗಸು ತಟ್ಟನೆ ಕಣ್ಣು ಬಿಟ್ಟು, "ಏನಮ್ಮ, ಆಗ್ಲಿಂದ ನನ್ ಸರಾನೇ ನೋಡ್ತಿದೀಯಲ್ಲ?" ಎಂದು ಸೆರಗು ಹೊದ್ದುಕೊಂಡಳು. ಅಂದಿನಿಂದ ಕಿಟಕಿಯಾಚೆ ನೋಡುತ್ತೇನೆ. ಆದರೆ ವಾರ್ಡಿನಲ್ಲಿ, ಎಣಿಸಲೆಂದೇ ನನಗೆ ಸಂಬಳ ಕೊಡುವ ಜಾಗದಲ್ಲಿ, ಪುರುಸೊತ್ತೇ ಇರುವುದಿಲ್ಲ. ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದರಲ್ಲಿ ಪೆನ್ನು. ಮಕ್ಕಳು ಹಾಳೆ ಚಾಚುತ್ತಾರೆ, ನಾನು ಸಹಿ ಗೀಚುತ್ತೇನೆ.

ಹೋದ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಒಬ್ಬ ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ ಬರೆಯಬೇಕು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕಿ ಪಕ್ಕದಲ್ಲೇ ನಿಂತಿರುತ್ತಾರೆ. ನಿಟ್ಟೂರಿನಿಂದ ಬರುವ ಭವ್ಯ ಎಂಬ ಹುಡುಗಿಗೆ ಹುತ್ರಿದುರ್ಗದ ಶಿವಣ್ಣ ಎಂಬ ಅಜ್ಜ ಸಿಕ್ಕಿದರು. ಕಾಲಿನ ಗಾಯಕ್ಕೆಂದು ಸೇರಿದ್ದವರು. ಭವ್ಯ ನಿಧಾನದ ಹುಡುಗಿ. ಕಳೆದ ಸಲ ಇದೇ ಪರೀಕ್ಷೆಯಲ್ಲಿ ಹೊತ್ತು ಸಾಲದೆ ಫೇಲಾಗಿದ್ದಳು. ಈ ಸಲವೂ ಹೋದರೆ ಒಂದು ವರ್ಷ ದಂಡ. ಉಳಿದವರೆಲ್ಲ ಕಣ್ಣು, ಕಿವಿ, ಮೂಗು ಮುಗಿಸಿ ಹೊಟ್ಟೆ ಒತ್ತುತ್ತಿದ್ದರೆ ಇವಳು ಇನ್ನೂ ಅಜ್ಜನ ಮಣಿಕಟ್ಟು ಹಿಡಿದುಕೊಂಡೇ ನಿಂತಿದ್ದಳು. ನಾನು ದೂರದಿಂದಲೇ ಕಣ್ಣು ಬಿಟ್ಟು ಹೆದರಿಸಿದೆ. ಕಡೆಗೂ ಕೈ ಬಿಟ್ಟು ಅವಳು ಬರೆದದ್ದು ಇಪ್ಪತ್ತೆಂಟು.

ಪರೀಕ್ಷಕಿ ಮಂಚದ ತುದಿಗೆ ತಗುಲಿಸಿದ್ದ ಚಾರ್ಟ್ ತೆಗೆದು ನೋಡಿದರು. ಆ ದಿನ ಬೆಳಿಗ್ಗೆ ಹದಿನೆಂಟು. ಹಿಂದಿನ ದಿನ ಹದಿನೆಂಟು. ಅದರ ಹಿಂದಿನ ದಿನವೂ ಅಷ್ಟೇ. "ಎಲ್ರೂ ಹದಿನೆಂಟು ಬರ್ದಿದಾರೆ, ನಿಮ್ ಮ್ಯಾಮೇ ಸೈನ್ ಮಾಡಿದಾರೆ. ನೀನೊಬ್ಳೇ ಸರಿನಾ?" ಎಂದರು. ಭವ್ಯ ನನ್ನತ್ತ ನೋಡಿದಳು. "ಎರಡ್ ಸಲ ಎಣಿಸ್ದೆ ಮ್ಯಾಮ್" ಎಂದಳು, ಅಷ್ಟೇ. ಪರೀಕ್ಷಕಿಯ ಕೆಂಪು ಪೆನ್ನು ಇಪ್ಪತ್ತೆಂಟರ ಮೇಲೆ ಗೀಟು ಎಳೆಯಲು ಇಳಿಯತೊಡಗಿತು.

ನಾನು ಸುಮ್ಮನಿದ್ದುಬಿಡಬಹುದಿತ್ತು. ಇದ್ದೆ ಕೂಡ, ಐದಾರು ಉಸಿರಿನಷ್ಟು ಹೊತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಾಲೇಜಿನ ಮರ್ಯಾದೆ, ನನ್ನ ಸಹಿಯ ಮರ್ಯಾದೆ, ಪ್ರಿನ್ಸಿಪಾಲರ ಮುಖ, ಎಲ್ಲವೂ ನೆನಪಾದ ಮೇಲೆ ಕೊನೆಗೆ ಆ ಹುಡುಗಿ ನೆನಪಾದಳು. "ಒಂದ್ನಿಮಿಷ ಮೇಡಂ, ನಾನೊಂದ್ಸಲ ನೋಡ್ತೀನಿ" ಎಂದು ಹೋಗಿ, ನಾಡಿ ನೋಡುವವಳ ಮುಖ ಮಾಡಿಕೊಂಡು ಅಜ್ಜನ ಕೈ ಹಿಡಿದೆ.

ಅಜ್ಜ ನಕ್ಕರು. "ನಾಡಿ ಹಿಡ್ದಂಗೆ ಮಾಡಿ ಉಸ್ರು ಎಣಿಸ್ತಿದೀಯ ಅಲ್ವೇನವ್ವ? ಗೊತ್ತು ಬುಡು. ಮೊನ್ನೆ ನೀನೇ ಈ ಹೆಣ್ಮಕ್ಳಿಗೆ ಹೇಳ್ಕೊಡ್ತಿದ್ದೆ, ನನ್ ಮಂಚದ್ ಪಕ್ದಲ್ಲೇ ನಿಂತ್ಕಂಡು. ಆದ್ರೆ ಇವತ್ತಿನವರ್ಗೂ ಕೈ ಹಿಡ್ದು ನೋಡ್ದೋಳು ಈ ಮಗು ಒಬ್ಳೇ ಕಣವ್ವ. ನೀನು ಬೆಳಿಗ್ಗೆ ಬಂದೆ, ಕಾಗ್ದಕ್ಕೆ ಸೈನ್ ಹಾಕ್ದೆ, ಹೊಂಟೋದೆ." ಇಷ್ಟು ಹೇಳುವಷ್ಟರಲ್ಲಿ ನಾಲ್ಕು ಕಡೆ ಮಾತು ನಿಲ್ಲಿಸಿ ಉಸಿರು ಎಳೆದುಕೊಂಡರು. ಅದನ್ನು ಕಂಡ ಮೇಲೆ ಎಣಿಸುವ ಅಗತ್ಯವೇ ಇರಲಿಲ್ಲ. ಆದರೂ ಅವರು ಸುಧಾರಿಸಿಕೊಂಡ ಮೇಲೆ ಪೂರ್ತಿ ಒಂದು ನಿಮಿಷ ಎಣಿಸಿದೆ. ಇಪ್ಪತ್ತೊಂಬತ್ತು. "ಇವ್ಳು ಬರ್ದಿರೋದೇ ಸರಿ ಮೇಡಂ. ಆ ಹದಿನೆಂಟನ್ನ ಯಾರೂ ಎಣಿಸಿಲ್ಲ, ನಾನೂ ನೋಡಿಲ್ಲ" ಎಂದೆ. ಇಡೀ ವಾರ್ಡಿಗೆ ಕೇಳಿಸಿತು.

ಡಾಕ್ಟರು ಓಡಿ ಬಂದರು, ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶದಲ್ಲಿ ಸೋಂಕಾಗಿತ್ತು. ಎಲ್ಲರೂ ಕಾಲನ್ನೇ ನೋಡುತ್ತಿದ್ದುದರಿಂದ ಅದು ಯಾರಿಗೂ ಕಂಡಿರಲಿಲ್ಲ. ಅಜ್ಜ ಹತ್ತು ದಿನದಲ್ಲಿ ಗುಣವಾಗಿ ಊರಿಗೆ ಹೋದರು, ಭವ್ಯ ಪಾಸಾದಳು. ಪರೀಕ್ಷಕಿ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಸುತ್ತ ನೋಡಿ, "ನಮ್ ಕಾಲೇಜಲ್ಲಿ ಹದಿನಾರು ಬರೀತಾರೆ ರೀ" ಎಂದರು.

ಮಾರನೆಯ ದಿನ ಇಡೀ ಕ್ಲಾಸನ್ನು ಕೂರಿಸಿ, ನನ್ನ ತಪ್ಪನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಮಾತು ಮುಗಿಸುವಾಗ ನನಗೇ ಕಣ್ಣು ಒದ್ದೆಯಾಗಿತ್ತು; ಮಕ್ಕಳೂ ಗಂಭೀರವಾಗಿ ತಲೆಯಾಡಿಸಿದರು. ಸಾರ್ಥಕವಾಯಿತು ಅಂದುಕೊಂಡು ವಾರ್ಡಿಗೆ ಹೋದೆ. ಹಾಳೆಗಳು ಬರತೊಡಗಿದವು. ಐದನೆಯ ಹಾಳೆಗೆ ಪೆನ್ನು ಊರಿದಾಗ ಯಾಕೋ ಕಣ್ಣು ಉಸಿರಿನ ಸಾಲಿನ ಮೇಲೆ ಬಿತ್ತು. ಇಪ್ಪತ್ತೆಂಟು. ಕೆಳಗಿನ ಹಾಳೆ ನೋಡಿದೆ, ಇಪ್ಪತ್ತೆಂಟು. ವಾರ್ಡಿನಲ್ಲಿದ್ದವರೆಲ್ಲ, ಆರಾಮಾಗಿ ಗೊರಕೆ ಹೊಡೆಯುತ್ತಿದ್ದ ಮೂಲೆಯ ಮಂಚದವರೂ ಸೇರಿ, ಆ ಬೆಳಿಗ್ಗೆ ಇಪ್ಪತ್ತೆಂಟು ಸಲ ಉಸಿರಾಡಿದ್ದರು. ಬೈಯಲೆಂದು ಬಾಯಿ ತೆರೆದೆ. ಮೊದಲ ನಾಲ್ಕು ಹಾಳೆಗಳಲ್ಲಿ ನನ್ನ ಸಹಿ ಆಗಲೇ ಒಣಗಿತ್ತು.