ತುಂಬಿ ತುಳುಕಿದ ಆನ್‌ಲೈನ್ ತರಗತಿ

ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠವೆಂದರೆ ವಿದ್ಯಾರ್ಥಿಗಳಿಗೆ ಉತ್ಸಾಹವೇ ಇಲ್ಲವೆಂದು ಅಧ್ಯಾಪಕರೆಲ್ಲ ಗೋಳಾಡುತ್ತಿದ್ದಾಗ, ಬಳ್ಳಾರಿಯ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರ ತರಗತಿ ಮಾತ್ರ ತುಂಬಿ ತುಳುಕುತ್ತಿತ್ತು. ಆ ಮೇಷ್ಟ್ರು ನಾನೇ!

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಬಾಗಿಲಲ್ಲಿ ಮಾತ್ರ. ಬೆಳಗಿನ ತಿಂಡಿಯ ಹೊತ್ತಿಗೆ ಅಲ್ಲೇ ಒಲೆಯತ್ತ ಬೆನ್ನು ಮಾಡಿ ಕುಳಿತು, ಎದುರಿಗೆ ಫೋನ್ ನಿಲ್ಲಿಸಿ, ಬೇಡಿಕೆ, ಪೂರೈಕೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಸಿರುಗುಪ್ಪ, ಕುರುಗೋಡು, ಕುಡತಿನಿ ಎಲ್ಲ ಕಡೆಯ ಹುಡುಗರೂ ಹಾಜರ್! ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕೆಲವರಂತೂ ಗುಟಕ್ಕನೆ ಉಗುಳು ನುಂಗುತ್ತಿದ್ದರು. ಜ್ಞಾನದಾಹವೆಂದು ತಿಳಿದೆ.

"ನೋಡಿದ್ಯಾ ಗಿರಿಜಾ, ಹುಡುಗ್ರು ಹೆಂಗ್ ಮೈಮರ್ತು ಕೇಳ್ತಾರ!" ಎಂದೆ ಹೆಂಡತಿಗೆ.

"ನಿಮ್ ಪಾಠಾನಾ? ನನಗಂತೂ ನಿದ್ದಿ ಬರ್ತೈತಿ ನೋಡ್ರಿ" ಎಂದಳು, ಮಿರ್ಚಿ ಬಜ್ಜಿಗೆ ಹಿಟ್ಟು ಕಲಸುತ್ತ.

ನನ್ನ ಖ್ಯಾತಿ ಪ್ರಾಂಶುಪಾಲರ ಕಿವಿಗೂ ಮುಟ್ಟಿತು. ಮುಟ್ಟಿಸಿದವನು ನಾನೇ.

"ಬ್ಯಾರೆ ಕಾಲೇಜಿನೋರನ್ನೂ ಕರ್ಸಿ ನಿಮ್ ಕ್ಲಾಸ್ ತೋರ್ಸೋಣ್ರಿ. ಕಾಲೇಜಿನ ಮಾನ ನಿಮ್ ಕೈಯಾಗೈತಿ" ಎಂದರು.

ಆ ದಿನ ಬಳ್ಳಾರಿಯ ಬಿಸಿಲಲ್ಲೂ ಕೋಟು ತೊಟ್ಟೆ. ಬೆನ್ನ ಹಿಂದೆ ಬಾಣಲೆ ಕಾಣುವುದು ವಿದ್ವತ್ತಿಗೆ ಶೋಭೆಯಲ್ಲವೆಂದು ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಜಮಖಾನೆ ಇಳಿಬಿಟ್ಟೆ. ಪಾಠ ಶುರುವಾದದ್ದೇ ತಡ, ಹುಡುಗರು ಒಬ್ಬೊಬ್ಬರಾಗಿ ಜಾರಿಕೊಂಡರು! ಉಳಿದವರು ಪ್ರಾಂಶುಪಾಲರು, ಅತಿಥಿಗಳು ಮತ್ತು ಕರೂರಿನ ವೀರೇಶ.

"ವೀರೇಶ, ನೀನಾದ್ರೂ ಪಾಠಕ್ಕಂತ ಉಳ್ದಿಯಲ್ಲಪಾ!" ಎಂದು ಗದ್ಗದಿತನಾದೆ.

"ಅಲ್ರಿ ಸಾರ್, ಆ ಜಮಖಾನಿ ಯಾವಾಗ ತೆಗೀತೀರಂತ ಕಾಯಾಕತ್ತೀನ್ರಿ. ಹೋಟೆಲ್ ಬಂದಾದಾಗಿಂದ ನಾವು ಮಿರ್ಚಿ ನೋಡೋದು ನಿಮ್ ಕ್ಲಾಸಿನಾಗ ಅಷ್ಟರಿ. ಅಮ್ಮಾರು ಇವತ್ತೇನ್ ಮಾಡ್ಯಾರ್ರಿ?"

ಕೋಟಿನೊಳಗೆ ನೀರಾಗಿ ಹೋದೆ. ಗಾಬರಿಯಲ್ಲಿ ಎದ್ದವನ ತೋಳು ಹಗ್ಗಕ್ಕೆ ಸಿಕ್ಕಿ ಜಮಖಾನೆ ದೊಪ್ಪನೆ ಬಿತ್ತು. ಹಿಂದೆ ಗಿರಿಜಾ ಕಾದ ಎಣ್ಣೆಗೆ ಮಿರ್ಚಿ ಬಿಡುತ್ತಿದ್ದಳು. ವೀರೇಶ ಗ್ರೂಪಿಗೆ ಸುದ್ದಿ ಹಾಕಿರಬೇಕು, ಜಾರಿದವರೆಲ್ಲ ದಬದಬನೆ ವಾಪಸ್! ಅತಿಥಿಗಳೂ ಕನ್ನಡಕ ಏರಿಸಿಕೊಂಡರು.

ಪ್ರಾಂಶುಪಾಲರು ಕೆಮ್ಮಿದರು. ನನ್ನ ಕೆಲಸಕ್ಕೆ ಎಳ್ಳುನೀರು ಎಂದುಕೊಂಡೆ.

"ಸ್ವಲ್ಪ ಬಾಜೂಕ ಸರೀರಿ. ಬಾಣಲಿ ಕಾಣವಲ್ದು" ಎಂದರು.

ಸರಿದೆ. ಕಾಲೇಜಿನ ಮಾನವೇನೋ ಉಳಿಯಿತು. ನನ್ನ ಮಾನವೂ ಒಂದಿಷ್ಟು ಉಳಿಯಲೆಂದು, ಫೋನ್ ಕೈಗೆತ್ತಿಕೊಂಡು ಬಾಣಲೆಯತ್ತ ಹಿಡಿದೇ ಬೇಡಿಕೆಯ ನಿಯಮ ವಿವರಿಸತೊಡಗಿದೆ.

"ರೀ, ಸುಮ್ನಿರ್ರಿ" ಎಂದು ಗಿರಿಜಾ ಗದರಿದಳು. "ಹುಡುಗ್ರು ಕ್ಲಾಸ್ ಕೇಳಾಕತ್ಯಾರ!"

ಸುಮ್ಮನಾದೆ. ಫೋನ್ ಅಲುಗದಂತೆ ಹಿಡಿದು ನಿಂತದ್ದಷ್ಟೇ ಅಂದು ನಾನು ಮಾಡಿದ ಬೋಧನೆ.